ಮಗಳಿಗೊಂದು ಪತ್ರ: ಹಿಟ್ಟು ನಾದಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಭಾನುವಾರ ನಿನ್ನ ಸ್ನೇಹಿತರು ಬ್ರಂಚ್‌ಗೆ ಬರುತ್ತಾರೆ, ಬಿಸ್ಕತ್ತೂ ಎಗ್ ಬುರ್ಜಿಯೂ ಮಾಡಬೇಕು ಅಂತ ಮೆಸೇಜ್ ಹಾಕಿದ್ದೀಯ. ಬಿಸ್ಕತ್ತು ಅಂದರೆ ಚಹಾಕ್ಕೆ ಅದ್ದುವ ಗರಿಗರಿಯದಲ್ಲ, ಅಮೆರಿಕದ ದಕ್ಷಿಣದವರ ದಪ್ಪ, ಮೆತ್ತನೆಯ, ಪದರ ಪದರವಾದ ಬನ್ನಿನಂಥದ್ದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ನಿಮ್ಮಮ್ಮ "ಅಳತೆ ಸರಿಯಾಗಿ ಬರೀರಿ, ನಿಮ್ಮ ಕೈ ಅಂದಾಜು ಅವಳಿಗೆ ಗೊತ್ತಾಗಲ್ಲ" ಅನ್ನುತ್ತಿದ್ದಾಳೆ.

ಮೊದಲು ಹಿಟ್ಟಿನ ವಿಷಯ. ನೀನು ಬೆಳೆದದ್ದು ಶಾರ್ಲೆಟ್‌ನಲ್ಲಿ, ಚಿಕನ್, ಬಿಸ್ಕತ್ತು ಮಾರುವ ಬೊಜ್ಯಾಂಗಲ್ಸ್ ಹೋಟೆಲು 1977ರಲ್ಲಿ ಶುರುವಾದ ಊರಿನಲ್ಲಿ. ಇಲ್ಲಿ ಬಿಸ್ಕತ್ತು ಮಾಡಲು ಅಂಗಡಿಯಿಂದ ವೈಟ್ ಲಿಲಿ ಹಿಟ್ಟು ತಂದರೆ ಮುಗಿಯಿತು. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ 1883ರಲ್ಲಿ ಹುಟ್ಟಿದ ಬ್ರ್ಯಾಂಡ್ ಅದು. ಅಲ್ಲಿನ ಗಿರಣಿ 2008ರಲ್ಲಿ ಮುಚ್ಚಿತು, ಹೆಸರು ಉಳಿದಿದೆ. ಮೃದು ಗೋಧಿಯ ಹಿಟ್ಟು, ಪ್ರೋಟೀನ್ ಸುಮಾರು 9% ಅಷ್ಟೇ. ನಿನ್ನ ಬಾಸ್ಟನ್‌ನಲ್ಲಿ ಕೈಗೆ ಸಿಗುವುದು ಕಿಂಗ್ ಆರ್ಥರ್ ಆಲ್ ಪರ್ಪಸ್ ಹಿಟ್ಟು. ಅದರಲ್ಲಿ ಪ್ರೋಟೀನ್ 11.7%. ಬ್ರೆಡ್ಡಿಗೆ ಒಳ್ಳೆಯದು, ಆದರೆ ಬಿಸ್ಕತ್ತು ಗಟ್ಟಿಯಾಗುತ್ತೆ. ಅದಕ್ಕೆ ಒಂದು ಕಪ್ ಅದನ್ನು, ಒಂದು ಕಪ್ ಪ್ರೋಟೀನ್ ಕಡಿಮೆ ಇರುವ ಕೇಕ್ ಹಿಟ್ಟನ್ನು ಬೆರೆಸು. ಎರಡೂ ಎಲ್ಲಾ ಕಡೆ ಸಿಗುತ್ತೆ.

ಈ ಎರಡು ಕಪ್ಪಿಗೆ ಒಂದು ಟೇಬಲ್ ಸ್ಪೂನ್ ಬೇಕಿಂಗ್ ಪೌಡರ್, ಅರ್ಧ ಟೀ ಸ್ಪೂನ್ ಅಡುಗೆ ಸೋಡಾ, ಮುಕ್ಕಾಲು ಟೀ ಸ್ಪೂನ್ ಉಪ್ಪು ಹಾಕಿ ಕಲಸು. ಸೋಡಾ ಕೆಲಸ ಮಾಡಬೇಕಾದರೆ ಹುಳಿ ಬೇಕು. ಆ ಹುಳಿ ಬರುವುದು ಬಟರ್‌ಮಿಲ್ಕ್‌ನಿಂದ. ನಾವು ಊಟದ ಕೊನೆಗೆ ಕುಡಿಯುವ ನೀರು ಮಜ್ಜಿಗೆ ಇದಕ್ಕೆ ಆಗಲ್ಲ, ಇಲ್ಲಿನ ಡಬ್ಬಿಯದು ಗಟ್ಟಿ ಇರುತ್ತೆ. ಸಿಗದಿದ್ದರೆ ನಿನ್ನ ಫ್ರಿಜ್ಜಿನಲ್ಲಿರುವ ಮೊಸರಿಗೇ ಸ್ವಲ್ಪ ಹಾಲು ಬೆರೆಸಿ, ಸುರಿದರೆ ನಿಧಾನಕ್ಕೆ ಬೀಳುವ ಹದಕ್ಕೆ ತಾ. ಮುಕ್ಕಾಲು ಕಪ್ ಬೇಕು, ಇನ್ನೂ ಸ್ವಲ್ಪ ಪಕ್ಕದಲ್ಲಿಟ್ಟುಕೋ.

ಬೆಣ್ಣೆ ಆರು ಟೇಬಲ್ ಸ್ಪೂನ್. ಬೆಣ್ಣೆ ಕಡ್ಡಿಯ ಕಾಗದದ ಮೇಲೆ ಎಂಟು ಗೆರೆ ಹಾಕಿರ್ತಾರಲ್ಲ, ಆರನೇ ಗೆರೆಗೆ ಕತ್ತರಿಸಿದರೆ ಆಯಿತು. ರಾತ್ರಿಯೇ ಫ್ರೀಜರ್‌ನಲ್ಲಿಡು. ಬೆಳಿಗ್ಗೆ ಕ್ಯಾರೆಟ್ ತುರಿಯುವ ಗ್ರೇಟರ್‌ನ ದೊಡ್ಡ ಕಣ್ಣಿನಲ್ಲಿ ನೇರ ಹಿಟ್ಟಿನ ಮೇಲೆಯೇ ತುರಿ. ಕೈಯಲ್ಲಿ ಹಿಡಿದ ತುದಿ ಬೇಗ ಜಾರುತ್ತೆ, ಅಲ್ಲಿಗೆ ಕಾಗದ ಸುತ್ತಿ ಹಿಡಿ. ಎಳೆ ಎಳೆಯಾಗಿ ಬಿದ್ದ ಬೆಣ್ಣೆಯನ್ನು ಫೋರ್ಕಿನಿಂದ ಹಿಟ್ಟಿನಲ್ಲಿ ಹೊರಳಾಡಿಸು. ಬೆರಳು ಹಾಕಬೇಡ, ಕೈಯ ಬಿಸಿಗೇ ಅದು ಕರಗುತ್ತೆ. ಬೆಣ್ಣೆಯೊಳಗೆ ಸ್ವಲ್ಪ ನೀರಿರುತ್ತೆ. ಬಿಸಿ ಓವನ್ನಿನಲ್ಲಿ ಆ ನೀರು ಆವಿಯಾಗಿ ಹಿಟ್ಟನ್ನು ಮೇಲಕ್ಕೆ ಎತ್ತುತ್ತೆ, ಅದರಿಂದಲೇ ಪದರ ಬರುವುದು. ಬೆಣ್ಣೆ ಓವನ್ನಿಗೆ ಹೋಗುವ ಮೊದಲೇ ಕರಗಿದರೆ ಪದರದ ಆಸೆ ಬಿಡು.

ಇನ್ನು ಮುಖ್ಯವಾದ ಮಾತು. ನಿನಗೆ ಅಜ್ಜಿ ಕಲಿಸಿದ್ದು ಚಪಾತಿ ಹಿಟ್ಟು ನಾದೋದು. ಚೆನ್ನಾಗಿ ನಾದು, ಇನ್ನೂ ನಾದು, ಕಿವಿಯ ಹಾಲೆ ಥರ ಮೆತ್ತಗಾಗಲಿ ಅಂತ ಬೆನ್ನ ಹಿಂದೆ ನಿಂತು ಹೇಳ್ತಿದ್ದರು. ಆ ಪಾಠ ಇಲ್ಲಿ ಪೂರ್ತಿ ಮರೆತುಬಿಡು. ಬಟರ್‌ಮಿಲ್ಕ್ ಸುರಿದು ಫೋರ್ಕಿನಿಂದ ಹಿಟ್ಟು ಒಂದಾಗುವವರೆಗೆ ಮಾತ್ರ ತಿರುಗಿಸು. ನೋಡಲು ಒರಟು ಒರಟಾಗಿ, ಅಲ್ಲಲ್ಲಿ ಒಣ ಹಿಟ್ಟು ಕಾಣುವ ಹಾಗೆ ಇರಬೇಕು. ಜಾಸ್ತಿ ನಾದಿದಷ್ಟೂ ಹಿಟ್ಟು ಜಿಗಿ ಬಂದು ರಬ್ಬರಾಗುತ್ತೆ. ಹಲಗೆಯ ಮೇಲೆ ಸುರಿದು, ಅಂಗೈಯಿಂದ ಒತ್ತಿ, ಅರ್ಧಕ್ಕೆ ಮಡಿಸು. ಮೂರು ನಾಲ್ಕು ಸಲ ಹೀಗೆ ಮಡಿಸಿ ಒತ್ತಿದರೆ ಸಾಕು. ಲಟ್ಟಣಿಗೆ ಹೊರಗೆ ತೆಗೆಯಲೇಬೇಡ.

ಒಂದು ಇಂಚು ದಪ್ಪ ಇರಲಿ. ಚೂಪು ಅಂಚಿನ ಲೋಟದಿಂದ ನೇರ ಕೆಳಗೆ ಒತ್ತಿ ತೆಗೆ. ಲೋಟ ತಿರುಚಬೇಡ, ಅಂಚು ಮುಚ್ಚಿಕೊಂಡು ಬಿಸ್ಕತ್ತು ಒಂದು ಕಡೆಗೆ ವಾಲುತ್ತೆ. ಟ್ರೇನಲ್ಲಿ ಒಂದಕ್ಕೊಂದು ತಗುಲುವ ಹಾಗೆ ಜೋಡಿಸು. ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೆ ಏಳುತ್ತವೆ. ಓವನ್ 450 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೊದಲೇ ಕಾದಿರಬೇಕು. 12ರಿಂದ 15 ನಿಮಿಷ. ಎಂಟು ಬಿಸ್ಕತ್ತು ಬರಬಹುದು.

ಒಂದು ವಿಷಯ ನಿನಗೆ ಗೊತ್ತಿರಲಿ. ಬೇಕಿಂಗ್ ಪೌಡರ್ ಇನ್ನೂ ಬಳಕೆಗೆ ಬರದ ಕಾಲದಲ್ಲಿ, ಅಮೆರಿಕದ ಈ ದಕ್ಷಿಣದ ರಾಜ್ಯಗಳಲ್ಲಿ ಬಿಸ್ಕತ್ತಿನ ಹಿಟ್ಟನ್ನು ಕೊಡಲಿ ಕಾವಿನಿಂದಲೋ ಮರದ ಸುತ್ತಿಗೆಯಿಂದಲೋ ಅರ್ಧ ಗಂಟೆ, ಇನ್ನೂ ಹೆಚ್ಚು ಹೊತ್ತು ಬಡಿಯುತ್ತಿದ್ದರು. ತೋಟದ ಮನೆಗಳಲ್ಲಿ ಹಾಗೆ ಬಡಿಯುತ್ತಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರು. ತಿನ್ನುತ್ತಿದ್ದವರು ಬೇರೆಯವರು. ಹಾರ್ವರ್ಡ್‌ನ ಪ್ರೊಫೆಸರ್ ಎಬೆನ್ ಹಾರ್ಸ್‌ಫರ್ಡ್ ತನ್ನ ಬೇಕಿಂಗ್ ಪೌಡರ್‌ಗೆ ಪೇಟೆಂಟ್ ಪಡೆದದ್ದು 1856ರಲ್ಲಿ. ಆ ಹಾರ್ವರ್ಡ್ ನಿನ್ನ ರೂಮಿನಿಂದ ನದಿ ದಾಟಿದರೆ ಸಿಗುತ್ತೆ. ನಾವಿಂದು ಹತ್ತು ನಿಮಿಷದಲ್ಲಿ ಕಲಸಿ ಮುಗಿಸುವ ತಿಂಡಿಯ ಹಿಂದೆ ಯಾರ ಯಾರ ರಟ್ಟೆ ನೋವು ಇತ್ತು ಅನ್ನುವುದನ್ನು ನಿನ್ನ ಸ್ನೇಹಿತರಿಗೂ ಹೇಳು, ಆದರೆ ಎಲ್ಲರೂ ತಿಂದ ಮೇಲೆ.

ಬುರ್ಜಿಗೆ ಬರೋಣ. ನಾಲ್ಕು ಜನಕ್ಕೆ ಎಂಟು ಮೊಟ್ಟೆ. ಈರುಳ್ಳಿ ಸಣ್ಣಗೆ ಹೆಚ್ಚು, ನಮ್ಮ ಹಸಿಮೆಣಸಿನಕಾಯಿ ಇಲ್ಲದಿದ್ದರೆ ಸೆರಾನೊ ಅನ್ನುವ ಮೆಕ್ಸಿಕನ್ ಮೆಣಸಿನಕಾಯಿ ಹಾಕು, ಶುಂಠಿ ಅರ್ಧ ಇಂಚು. ಹೋದ ಸಲ ಕಟ್ಟಿಕೊಟ್ಟ ಕರಿಬೇವು ಫ್ರೀಜರ್‌ನಲ್ಲಿ ಇದೆ ತಾನೆ? ಟೊಮೆಟೊದ ಬೀಜದ ತಿರುಳು ತೆಗೆದು ಹಾಕು, ಇಲ್ಲದಿದ್ದರೆ ನೀರು ಬಿಟ್ಟು ಸಾರಾಗುತ್ತೆ. ಬಿಸ್ಕತ್ತು ಓವನ್ನಿಗೆ ಹಾಕಿದ ತಕ್ಷಣ ಈ ಒಗ್ಗರಣೆ ಶುರುಮಾಡು. ಈರುಳ್ಳಿ ಮೆತ್ತಗಾಗಿ, ಚಿಟಿಕೆ ಅರಿಶಿನದ ಹಸಿ ವಾಸನೆ ಹೋಗಿ, ಟೊಮೆಟೊ ನೀರು ಹಿಂಗಿದ ಮೇಲೆ ಒಲೆ ಆರಿಸಿ ಕಾದಿರು. ಗರಂ ಮಸಾಲೆ ಮಾತ್ರ ಬೇಡ. ಅದು ಬಿದ್ದರೆ ಬೆಣ್ಣೆಯ ರುಚಿಯೂ ಕಾಣಲ್ಲ, ಮೊಟ್ಟೆಯ ರುಚಿಯೂ ಕಾಣಲ್ಲ. ಕಾಳುಮೆಣಸು ಸಾಕು.

ಬಿಸ್ಕತ್ತು ಹೊರಗೆ ಬಂದ ಮೇಲೆಯೇ ಮೊಟ್ಟೆ. ಉಪ್ಪು ಹಾಕಿ ಕದಡಿ, ಒಲೆ ಸಣ್ಣ ಉರಿಯಲ್ಲಿಟ್ಟು ಸುರಿ. ಹಾಸನದ ಕಡೆ ನಾವು ಮೊಟ್ಟೆ ಪಲ್ಯ ಅಂತ ಪುಡಿ ಪುಡಿಯಾಗುವವರೆಗೆ ಹುರಿಯುತ್ತಿದ್ದೆವು. ಮುದ್ದೆಗೋ ಅನ್ನಕ್ಕೋ ಅದು ಚೆಂದ. ಬಿಸ್ಕತ್ತು ತಾನೇ ಪುಡಿಯಾಗುವ ವಸ್ತು, ಅದಕ್ಕೆ ಒದ್ದೆ ಬುರ್ಜಿ ಬೇಕು. ಮರದ ಸೌಟಿನಿಂದ ತಳದಿಂದ ಮೇಲಕ್ಕೆ ನಿಧಾನಕ್ಕೆ ಎಳೆ, ದೊಡ್ಡ ದೊಡ್ಡ ಮುದ್ದೆಯಾಗಿ ಹೊಳೆಯುತ್ತಿರುವಾಗಲೇ ಇಳಿಸು. ಬಾಣಲೆಯ ಕಾವಿನಲ್ಲೇ ಉಳಿದದ್ದು ಬೇಯುತ್ತೆ. ಕೊತ್ತಂಬರಿ ಉದುರಿಸಿ, ಬಿಸ್ಕತ್ತು ಚಾಕುವಿನಿಂದ ಕೊಯ್ಯದೆ ಕೈಯಲ್ಲೇ ಬಿಡಿಸಿ, ನಡುವೆ ತುಂಬಿ ಕೊಡು.

ಓವನ್ ಟ್ರೇ ಹಿಡಿಯಲು ಒದ್ದೆ ಬಟ್ಟೆ ಬಳಸಬೇಡ, ಬಿಸಿ ಕೂಡಲೇ ಕೈಗೆ ದಾಟುತ್ತೆ. ಒಣ ಬಟ್ಟೆ ದಪ್ಪಗೆ ಮಡಿಸಿ ಹಿಡಿ. ಪುರುಸೊತ್ತಿದ್ದರೆ ಎರಡರಷ್ಟು ಹಿಟ್ಟು ಕಲಸಿ, ಅರ್ಧವನ್ನು ಕತ್ತರಿಸಿ ಬೇಯಿಸದೆ ಫ್ರೀಜರ್‌ಗೆ ಹಾಕು. ಪರೀಕ್ಷೆ ವಾರದಲ್ಲಿ ಹಾಗೇ ಓವನ್ನಿಗೆ ಇಟ್ಟರೆ ಎರಡು ಮೂರು ನಿಮಿಷ ಜಾಸ್ತಿ ಬೇಕಾಗುತ್ತೆ, ಅಷ್ಟೇ. ನಿಮ್ಮಮ್ಮ ಚಟ್ನಿಪುಡಿ ಕಳಿಸುತ್ತಿದ್ದಾಳೆ. ಅದರ ಜೊತೆಗೂ ಚೆನ್ನಾಗಿರುತ್ತೆ.

ಭಾನುವಾರ ಸಂಜೆ ಫೋನ್ ಮಾಡು. ಫೋಟೋ ತಿನ್ನುವ ಮೊದಲೇ ತೆಗೆದಿರು.

ನಿನ್ನ
ಅಪ್ಪ