ಹುಡುಗನನ್ನು ನೋಡಿ ಆರಿಸು

ದಾವಣಗೆರೆ
ಭಾನುವಾರ

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಮೈಸೂರಿಗೆ ಹೊರಟಿದ್ದೀರಿ. ಅರಮನೆ, ಝೂ, ಬೆಟ್ಟ ಎಲ್ಲ ಪಟ್ಟಿಯಲ್ಲಿದೆ. ಮಗ ಮಾತ್ರ "ವಿಆರ್ ಗೇಮ್ ಆಡಿಸಲೇಬೇಕು" ಅಂತ ಹಟ ಹಿಡಿದಿದ್ದಾನೆ. ಅದೇ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಟದೊಳಗೇ ನಿಂತ ಹಾಗೆ ಆಡುವ ವರ್ಚುವಲ್ ರಿಯಾಲಿಟಿ. ಮೈಸೂರಲ್ಲಿ ಇಂಥ ಜಾಗ ಸುಮಾರು ಇವೆ, ಯಾವುದಕ್ಕೆ ಹೋಗಲಿ ಅಂತ ನಿನ್ನ ಪ್ರಶ್ನೆ, ಅಲ್ವಾ?

ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಅಂಗಡಿಗಳು ಇವತ್ತು ಇದ್ದಂತೆ ನಾಳೆ ಇರಲ್ಲ. ಬೋರ್ಡು ಅದೇ ಇರುತ್ತೆ, ಒಳಗಿನ ಯಂತ್ರವೂ ಮನುಷ್ಯರೂ ಬದಲಾಗಿರುತ್ತಾರೆ. ಅದಕ್ಕೇ ಹೇಗೆ ಆರಿಸಬೇಕು ಅನ್ನೋದನ್ನೇ ಬರೆಯುತ್ತೇನೆ. ಬೆಳಗ್ಗೆಯೇ ಎರಡು ಬೆಣ್ಣೆ ದೋಸೆ ಬಾರಿಸಿ ಬಂದು ಕೂತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಾನು ಪಟ್ಟ ಪಾಡು ಕೇಳು. ಹೋದ ದಸರಾ ರಜೆಯಲ್ಲಿ ನಾವೂ ಮೈಸೂರಿಗೆ ಹೋಗಿದ್ದೆವು. ಅರಮನೆ ನೋಡಿ, ಮಧ್ಯಾಹ್ನ ಹೊಟ್ಟೆ ಬಿರಿಯ ಊಟ ಮಾಡಿ ಆಟೋ ಹತ್ತಿದೆವು. ಎಲ್ಲಿಗೆ ಅಂತ ನಾವು ಸರಿಯಾಗಿ ಹೇಳಲೂ ಇಲ್ಲ, ಆಟೋದವನೇ ಒಂದು ಕಡೆ ತಂದು ಇಳಿಸಿದ. ಹೆಸರು ಬೇಡ. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು, ಗೋಡೆ ತುಂಬ ನೀಲಿ ಲೈಟು. ಹೊರಗೆ '9ಡಿ' ಅಂತ ಆಳೆತ್ತರದ ಬೋರ್ಡು. ಉದ್ದ ಅಗಲ ಎತ್ತರ ಮೂರು ನನಗೆ ಗೊತ್ತು, ಉಳಿದ ಆರು ಯಾವುವು ಅಂತ ಕೌಂಟರಿನವನನ್ನು ಕೇಳಿದೆ. "ಸೀಟು ಅಲ್ಲಾಡುತ್ತೆ ಸಾರ್" ಅಂದ.

ಹೆಡ್‌ಸೆಟ್ ಕೈಗೆ ಬಂತು. ಮುಖಕ್ಕೆ ಒತ್ತುವ ಸ್ಪಂಜು ಒದ್ದೆ. ನನಗಿಂತ ಮುಂಚೆ ಹಾಕಿಕೊಂಡವನ ಬೆವರು, ಅದರ ಜೊತೆ ಕೊಬ್ಬರಿ ಎಣ್ಣೆ ವಾಸನೆ. ಬಲಗಡೆ ಲೆನ್ಸಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಪೂರ್ತಿ ಮೂಡಿತ್ತು. ಹುಡುಗ ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಲ್ಲಿ ಕುದುರೆಗೆ ಜೀನು ಬಿಗಿದ ಹಾಗೆ ಬೆಲ್ಟ್ ಎಳೆದ. ಕನ್ನಡಕ ತೆಗೀರಿ ಅಂದ. ಕನ್ನಡಕ ಇಲ್ಲದಿದ್ದರೆ ನನಗೆ ಎದುರಿಗೆ ಬಂದು ನಿಂತ ಬಸ್ಸಿನ ಬೋರ್ಡೂ ಕಾಣಲ್ಲ, ನಿನಗೆ ಗೊತ್ತಲ್ಲ. ಮಸುಕು ಮಸುಕಾಗಿಯೇ ರೋಲರ್ ಕೋಸ್ಟರ್ ಶುರುವಾಯಿತು. ಎರಡನೇ ಇಳಿಜಾರಿಗೆ ಮೈ ತಣ್ಣಗಾಯಿತು, ಬಾಯಲ್ಲಿ ನೀರು ಬಂತು. "ನಿಲ್ಸಪ್ಪಾ" ಅಂದೆ. ಕೇಳುವವರೇ ಇಲ್ಲ. ಕಿತ್ತು ನೋಡಿದರೆ ಆ ಹುಡುಗ ಮೆಟ್ಟಿಲ ಹತ್ತಿರ ನಿಂತು ಗಿರಾಕಿ ಕರೆಯುತ್ತಿದ್ದಾನೆ. ಮಧ್ಯಾಹ್ನದ ಊಟವೆಲ್ಲ ನನ್ನ ಹೆಂಡತಿ ಹಿಡಿದ ಸೀರೆ ಅಂಗಡಿ ಕವರಿಗೆ ಹೋಯಿತು. ಸೀರೆಯನ್ನು ಅವಳು ಅಷ್ಟರಲ್ಲಿ ತೆಗೆದುಬಿಟ್ಟಿದ್ದಳು, ಪುಣ್ಯ.

ಊಟ ಮಾಡಿ ಹೋದದ್ದು ನನ್ನದೇ ತಪ್ಪು, ಒಪ್ಪಿದೆ. ಆದರೆ ವಾಂತಿಗೆ ಊಟ ಒಂದೇ ಕಾರಣ ಅಲ್ಲ. ಆಗುಂಬೆ ಘಾಟಿಯ ಬಸ್ಸಲ್ಲಿ ಪುಸ್ತಕ ಓದಿದರೆ ಹೊಟ್ಟೆ ತೊಳಸುತ್ತಲ್ಲ, ಅದೇ ಕಥೆ ಇಲ್ಲಿ ತಿರುಗುಮುರುಗಾಗಿ ನಡೆಯುತ್ತೆ. ಬಸ್ಸಲ್ಲಿ ಕಿವಿಯೊಳಗಿನ ದ್ರವ "ತಿರುಗುತ್ತಿದ್ದೀಯ" ಅನ್ನುತ್ತೆ, ಪುಸ್ತಕದ ಮೇಲಿರುವ ಕಣ್ಣು "ಇಲ್ಲ, ಸುಮ್ನೆ ಕೂತಿದ್ದೀಯ" ಅನ್ನುತ್ತೆ. ವಿಆರ್‌ನಲ್ಲಿ ಕಣ್ಣು "ಬಿದ್ದೆ ಬಿದ್ದೆ" ಅಂತ ಕಿರುಚುತ್ತೆ, ಕಿವಿ "ಎಲ್ಲೂ ಹೋಗಿಲ್ಲ ಕೂತ್ಕೊಳೋ" ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಪೆಟ್ಟು. ಅದಕ್ಕೇ ಕೂತಲ್ಲೇ ಕೂರಿಸಿ ಓಡಿಸುವ ವಿಡಿಯೋಗಳು ಮೊದಲ ಸಲ ಹೋಗುವವರಿಗೆ ಕೆಟ್ಟವು. ನೀನೇ ಎದ್ದು ನಿಂತು, ನಿನ್ನ ಕಾಲಲ್ಲೇ ಹೆಜ್ಜೆ ಇಟ್ಟು ಆಡುವ ಆಟಗಳಲ್ಲಿ ಈ ಜಗಳ ಎಷ್ಟೋ ಕಮ್ಮಿ. ಕಾಲು ಒಂದು ಹೆಜ್ಜೆ ಇಟ್ಟರೆ ಕಣ್ಣಿಗೂ ಒಂದೇ ಹೆಜ್ಜೆ ಕಾಣುತ್ತೆ.

ಎರಡನ್ನೂ ಬೇರೆ ಮಾಡಿ ನೋಡೋಕೆ ಒಂದು ಸುಲಭದ ಪರೀಕ್ಷೆ ಇದೆ. ದುಡ್ಡು ಕೊಡುವ ಮುಂಚೆ ಒಂದು ನಿಮಿಷ ಹೆಡ್‌ಸೆಟ್ ಹಾಕಿಕೊಂಡು ನೋಡ್ತೀನಿ ಅನ್ನು. ಎದುರಿಗೆ ಏನು ಕಾಣುತ್ತೋ ಅದರ ಕಡೆ ಒಂದು ಹೆಜ್ಜೆ ಇಡು. ಅದು ಹತ್ತಿರ ಬಂದರೆ ನಿಜವಾದ ಆಟ. ನಿನ್ನ ಜೊತೆಗೇ ಸರಿದುಕೊಂಡು ಬಂದರೆ ಅದು ಸುತ್ತಲೂ ಅಂಟಿಸಿದ ವಿಡಿಯೋ ಅಷ್ಟೇ, ತಲೆ ತಿರುಗಿಸಿ ನೋಡಬಹುದು, ಒಳಗೆ ಹೋಗೋಕಾಗಲ್ಲ. ಆಮೇಲೆ ತಲೆಯನ್ನು ಸರ‍್ರನೆ ಎಡಕ್ಕೆ ತಿರುಗಿಸು. ಚಿತ್ರ ಹಿಂದೆ ಉಳಿದು ಎಳೆದುಕೊಂಡು ಬಂದರೆ ವಾಪಸ್ ಬಂದುಬಿಡು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕು, ಒಳ್ಳೆಯ ಹೆಡ್‌ಸೆಟ್‌ಗಳು 72ರಿಂದ 120 ಸಲ ಚಿತ್ರ ಬದಲಿಸುತ್ತವೆ. ಅಂಕಿ ಕೇಳಿದರೆ ಕೌಂಟರಿನವನು ಏನಾದರೂ ಹೇಳಿಯಾನು, ನಿನ್ನ ಕುತ್ತಿಗೆ ಸುಳ್ಳು ಹೇಳಲ್ಲ. ಪರೀಕ್ಷೆಗೆ ಬಿಡಲ್ಲ ಅಂದರೆ? ಬೇರೆ ಅಂಗಡಿ.

ಈಗ ಎರಡನೇ ದಿನದ ಕಥೆ. ಮಗಳ ಒತ್ತಾಯಕ್ಕೆ ಇನ್ನೊಂದು ಜಾಗಕ್ಕೆ ಹೋದೆವು. ಬೆಳಗ್ಗೆ, ಬರೀ ಎರಡು ಇಡ್ಲಿ ತಿಂದು. ಅಂಗಡಿ ನೋಡೋಕೆ ಏನೂ ಇಲ್ಲ, ಗೋಡೆಗೆ ಸುಣ್ಣವೂ ಸರಿಯಾಗಿಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಒಬ್ಬ ಬಂದ. ಅವನು ಮೊದಲು ಕೇಳಿದ್ದು ಯಾವ ಆಟ ಅಂತ ಅಲ್ಲ. "ಅಣ್ಣ, ಬಸ್ಸಲ್ಲಿ ವಾಂತಿ ಬರುತ್ತಾ ನಿಮಗೆ?" ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಕನ್ನಡಕ ಇರಲಿ ಅಂದ. ಕನ್ನಡಕ ಲೆನ್ಸಿಗೆ ತಾಗದ ಹಾಗೆ ನಡುವೆ ಹಾಕುವ ಒಂದು ಕಟ್ಟು ಇದೆ, ಅದನ್ನು ಸಿಕ್ಕಿಸಿದ. ಮೆತ್ತನೆ ಬಟ್ಟೆಯಲ್ಲಿ ಲೆನ್ಸ್ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸಲ ಒರೆಸಿದ. "ಅಕ್ಷರ ಓದಿ, ಎರಡೆರಡು ಕಾಣ್ತಾವಾ?" ಅಂತ ಕೇಳಿ ಲೆನ್ಸುಗಳ ನಡುವಿನ ಅಂತರ ಸರಿಮಾಡಿದ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ದಾರ ಮಣಿಕಟ್ಟಿಗೆ ಹಾಕಿದ. ನನಗೆ ಒಳಗೆ ಕಾಣುವುದೆಲ್ಲ ಹೊರಗಿನ ಟಿವಿಯಲ್ಲೂ ಕಾಣುವ ಹಾಗೆ ಮಾಡಿ, ಹಿಂದೆ ಒಂದು ತೋಳಿನ ದೂರದಲ್ಲಿ ನಿಂತ. "ನಾನಿಲ್ಲೇ ಇದ್ದೀನಿ ಅಣ್ಣ, ಸಾಕು ಅನ್ನಿಸಿದ್ರೆ ಕಣ್ಣು ಮುಚ್ಚಿ ಕೈ ಎತ್ತಿ" ಅಂದ.

ಬಂಡೆ ಹತ್ತುವ ಆಟ ಹಾಕಿದ. ಸಂದಿಗೆ ಕೈ ಹಾಕಬೇಕು, ಹಿಡಿಯಬೇಕು, ಮೈ ಎಳೆದುಕೊಳ್ಳಬೇಕು. ಅರ್ಧ ಹತ್ತಿ ಕೆಳಗೆ ನೋಡಿದೆ. ಕಾಲು ನೆಲದ ಮೇಲೇ ಇದೆ ಅಂತ ಗೊತ್ತು, ಆದರೂ ಮಂಡಿ ನಡುಗಿತು. ಅಂಗೈ ಬೆವತು ಕಂಟ್ರೋಲರ್ ಜಾರಿತು, ದಾರ ಇದ್ದಿದ್ದಕ್ಕೆ ಬೀಳಲಿಲ್ಲ. ನಿಮ್ಮೂರು ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗ ಇಲ್ಲದೆ ಹತ್ತುವ ಜ್ಯೋತಿರಾಜ್ ನನ್ನನ್ನು ಆಗ ನೋಡಿದ್ದರೆ ನಕ್ಕೂ ನಕ್ಕೂ ಸಾಕಾಗುತ್ತಿತ್ತು. ತೂಕವೂ ಕಮ್ಮಿ ಇಲ್ಲ ಮತ್ತೆ. ಇಂಥ ಕಡೆ ಕಾಣುವ ಕ್ವೆಸ್ಟ್ 2 ಅನ್ನೋ ಹೆಡ್‌ಸೆಟ್ ಸುಮಾರು ಅರ್ಧ ಕೆ.ಜಿ. ಇದೆ. ಹಣೆಗೆ ಅರ್ಧ ಕೆ.ಜಿ. ಬೆಣ್ಣೆ ಪೊಟ್ಟಣ ಕಟ್ಟಿಕೊಂಡ ಹಾಗೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಕುತ್ತಿಗೆ ಸಾಕು ಅನ್ನುತ್ತೆ. ಒಂದು ಗಂಟೆಯ ಪ್ಯಾಕೇಜ್ ಅಗ್ಗ ಅಂತ ತಗೋಬೇಡ.

ನನಗೆ ಅವತ್ತು ಏನೂ ಆಗಲಿಲ್ಲ. ಎರಡೂ ಅಂಗಡಿಯ ಯಂತ್ರದಲ್ಲಿ ವ್ಯತ್ಯಾಸ ಇತ್ತು, ನಿಜ. ಅದಕ್ಕಿಂತ ದೊಡ್ಡ ವ್ಯತ್ಯಾಸ ಆ ಇಬ್ಬರು ಹುಡುಗರದ್ದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೊತ್ತಿಲ್ಲದ ಕೋಣೆಯಲ್ಲಿ ನಿಲ್ಲುತ್ತೀಯ ತಾನೆ? ಆಗ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಮುಖ್ಯ. ಅದಕ್ಕೆ ಮೆಟ್ಟಿಲು ಹತ್ತಿದ ಕೂಡಲೇ ದರಪಟ್ಟಿ ನೋಡಬೇಡ. ಹತ್ತು ನಿಮಿಷ ಸುಮ್ನೆ ಬೆಂಚಿನ ಮೇಲೆ ಕೂತು, ನಿನಗಿಂತ ಮುಂದಿನವರಿಗೆ ಆ ಹುಡುಗ ಹೆಡ್‌ಸೆಟ್ ಹೇಗೆ ಹಾಕುತ್ತಾನೆ, ಬಿಚ್ಚಿದ ಮೇಲೆ ಏನು ಮಾಡುತ್ತಾನೆ ಅಂತ ನೋಡು. ಬಿಚ್ಚಿದ್ದನ್ನು ಒರೆಸದೆ ಇನ್ನೊಬ್ಬರ ಮುಖಕ್ಕೆ ಹಾಕಿದರೆ ಎದ್ದು ಬಾ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹರಡಿತ್ತಲ್ಲ, ನಿಮ್ಮನೇಲಿ ಸಾಲಾಗಿ ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಿರಿ. ಸ್ಪಂಜಿನ ಮೇಲೆ ತೊಳೆಯೋಕೆ ಬರುವ ರಬ್ಬರಿನಂಥ ಸಿಲಿಕೋನ್ ಕವರ್ ಇದ್ದರೆ ಒಳ್ಳೆಯದು. ಆಡುವವರಿಗೆಲ್ಲ ಒಂದೊಂದು ಕಾಗದದ ಮುಸುಕು ಕೊಡುವವರೂ ಇದ್ದಾರೆ.

ಕಾಲೇಜಿನಲ್ಲಿದ್ದಾಗ ನಿಮ್ಮೂರ ಕೋಟೆಗೆ ಹೋಗಿದ್ದು ನೆನಪಿದೆಯಾ? ಓಬವ್ವನ ಕಿಂಡಿ ಹತ್ತಿರ ಆ ವಯಸ್ಸಾದ ಗೈಡ್ ನಿನ್ನನ್ನು ಬಗ್ಗಿಸಿ, "ಈಗ ನೀನು ಹೈದರಾಲಿ ಸಿಪಾಯಿ, ಮೊದಲು ತಲೆ ಹೊರಗೆ ಹಾಕು" ಅಂದ. ಆ ಕಡೆ ನಿಂತು ಬರೀ ಕೈಯನ್ನೇ ಒನಕೆ ಮಾಡಿ ಎತ್ತಿದ. ಹುಟ್ಟಿ ಬೆಳೆದ ಊರಲ್ಲೇ ನೀನು ಬೆಚ್ಚಿಬಿದ್ದೆ. ಮೇಲೆ ಹೋಗುವಾಗ ಜಾರುವ ಮೆಟ್ಟಿಲಲ್ಲಿ ಅದೇ ಗೈಡ್ ಕೈ ಹಿಡಿದ. ಮೈಸೂರಿನ ಆ ಎರಡನೇ ಹುಡುಗನನ್ನು ನೋಡಿ ನನಗೆ ಅವನೇ ನೆನಪಾದ.

ಇನ್ನು ಮಕ್ಕಳ ವಿಷಯ. ನಿನ್ನ ಮಗನಿಗೆ ಹದಿಮೂರು, ಚಿಂತೆ ಇಲ್ಲ. ಸಣ್ಣವಳಿಗೆ ಏಳು ಅಲ್ವಾ? ಅವಳಿಗೆ ಬೇಡ. ಕ್ವೆಸ್ಟ್ ಮಾಡುವ ಮೆಟಾ ಕಂಪನಿ ಮೊದಲು 13 ವರ್ಷ ಅನ್ನುತ್ತಿತ್ತು, 2023ರಲ್ಲಿ ತಂದೆತಾಯಿಯ ಉಸ್ತುವಾರಿ ಇದ್ದರೆ 10 ಸಾಕು ಅಂದಿತು. ಸೋನಿಯವರು ತಮ್ಮ ಪ್ಲೇಸ್ಟೇಷನ್ ವಿಆರ್‌ಗೆ 12 ಅನ್ನುತ್ತಾರೆ. ಏಳಕ್ಕೆ ಈ ಇಬ್ಬರೂ ಹೂಂ ಅಂದಿಲ್ಲ. ಅದು ಬರೀ ಕಾನೂನಿನ ಮಾತಲ್ಲ. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿ.ಮೀ. ಅಂತರ. ಕ್ವೆಸ್ಟ್ 2ರ ಲೆನ್ಸನ್ನು ಎಷ್ಟು ಹತ್ತಿರ ತಂದರೂ 58ಕ್ಕೆ ನಿಲ್ಲುತ್ತೆ. ಸಣ್ಣ ಮಕ್ಕಳ ಮುಖಕ್ಕೆ ಅದು ಅಗಲವೇ. ವಯಸ್ಸು ಕೇಳದೆ ಏಳು ವರ್ಷದವಳಿಗೂ ಟಿಕೆಟ್ ಹರಿದು ಕೊಟ್ಟರೆ ಆ ಅಂಗಡಿಯ ಬಗ್ಗೆ ನಿನಗೆ ಇನ್ನೇನೂ ತಿಳಿಯಬೇಕಾಗಿಲ್ಲ. ಅವಳನ್ನು ಅತ್ತಿಗೆ ಅಷ್ಟೊತ್ತು ಝೂಗೆ ಕರೆದುಕೊಂಡು ಹೋಗಲಿ. ಮಂಗಳವಾರ ಮಾತ್ರ ಬೇಡ, ಅವತ್ತು ಝೂಗೆ ರಜೆ.

ನಿನ್ನ ತಂಗಿ ಮಗನೂ ಬರ್ತಾನೆ ಅಂದಿದ್ದೆ. ಅವನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು ಅಂತ ನೆನಪು. ಮಿಣುಕುವ ಬೆಳಕಿಗೆ ಕೆಲವರಿಗೆ ಫಿಟ್ಸ್ ಬರಬಹುದು. ಸುಮಾರು 4000 ಜನರಲ್ಲಿ ಒಬ್ಬರಿಗೆ ಜೋರು ತಲೆಸುತ್ತು, ಫಿಟ್ಸ್ ಇಂಥದ್ದು ಆಗಬಹುದು ಅಂತ ಹೆಡ್‌ಸೆಟ್ ಕಂಪನಿಯೇ ತನ್ನ ಎಚ್ಚರಿಕೆ ಪತ್ರದಲ್ಲಿ ಬರೆದಿದೆ. ಡಾಕ್ಟರನ್ನು ಕೇಳದೆ ಅವನಿಗೆ ಹಾಕಿಸಬೇಡ. ಮುಖ ಚಿಕ್ಕದು ಮಾಡಿಕೊಂಡರೆ ಬೌಲಿಂಗ್ ಆಡಿಸು.

ಒಂದು ಮಾತು ಬರೆಯೋಕೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. 2024ರ ಮೇ 25, ಶನಿವಾರ, ರಾಜ್‌ಕೋಟ್‌ನ ಒಂದು ಗೇಮ್ ಝೋನ್‌ಗೆ ಬೆಂಕಿ ಬಿತ್ತು. ಬೇಸಿಗೆ ರಜೆ, ಜನ ತುಂಬಿದ್ದರು. 27 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಅಗ್ನಿಶಾಮಕ ಇಲಾಖೆಯ ಎನ್‌ಒಸಿಯೇ ಇರಲಿಲ್ಲ. ಹೆಡ್‌ಸೆಟ್ ಹಾಕಿಕೊಂಡವನಿಗೆ ಹೊಗೆ ಕಾಣಲ್ಲ, ಕೂಗು ಕೇಳಲ್ಲ. ಹಾಗಾಗಿ ಇಳಿದು ಹೊರಬರೋಕೆ ಇನ್ನೊಂದು ಮೆಟ್ಟಿಲ ದಾರಿ ಎಲ್ಲಿದೆ ಅಂತ ಮೊದಲೇ ಕಣ್ಣಾರೆ ನೋಡಿಕೋ. ಇದ್ದರೂ ಅದರ ಮೇಲೆ ರಟ್ಟಿನ ಪೆಟ್ಟಿಗೆ ಜೋಡಿಸಿರುತ್ತಾರೆ, ಬಾಗಿಲಿಗೆ ಬೀಗ ಹಾಕಿರುತ್ತಾರೆ. ತಳ್ಳಿ ನೋಡು, ನಾಚಿಕೊಳ್ಳಬೇಡ.

ದುಡ್ಡಿನ ವಿಷಯದಲ್ಲಿ ಕೇಳಬೇಕಾದ್ದು ಒಂದೇ. ಹತ್ತು ನಿಮಿಷ ಅಂದರೆ ಕಟ್ಟೋದು, ಬಿಚ್ಚೋದು, ಹೇಳಿಕೊಡೋದು ಸೇರಿಯೋ, ಆಟದ್ದು ಮಾತ್ರವೋ? ನಮ್ಮ ಮೊದಲ ಅಂಗಡಿಯಲ್ಲಿ ಬೆಲ್ಟ್ ಬಿಗಿಯುವಾಗಲೇ ಗಡಿಯಾರ ಓಡುತ್ತಿತ್ತು.

ಹೋಗೋದು ಬೆಳಗ್ಗೆ, ಬಾಗಿಲು ತೆಗೆದ ಹೊತ್ತಿಗೆ. ಆಗ ಸ್ಪಂಜು ಒಣಗಿರುತ್ತೆ, ಬ್ಯಾಟರಿ ತುಂಬಿರುತ್ತೆ, ಹುಡುಗನಿಗೂ ತಾಳ್ಮೆ ಇರುತ್ತೆ. ಕ್ವೆಸ್ಟ್ ಬ್ಯಾಟರಿ ಎರಡು ಮೂರು ಗಂಟೆಗಿಂತ ಜಾಸ್ತಿ ಎಳೆಯಲ್ಲ. ಭಾನುವಾರ ಸಂಜೆ ಹೇಗೂ ಅರಮನೆ ದೀಪ ನೋಡೋಕೆ ಹೋಗ್ತೀರಿ, ಊರಿಗೆ ಊರೇ ಅಲ್ಲಿರುತ್ತೆ. ಆಟೋದವನು "ನಾನು ಒಳ್ಳೆ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಅಂದರೆ ನನ್ನ ಸೀರೆ ಕವರ್ ನೆನಪಿಸಿಕೋ.

ಯಾವತ್ತು ಹೊರಡ್ತೀರಿ ಅಂತ ಎರಡು ದಿನ ಮುಂಚೆ ತಿಳಿಸು. ಆ ಎರಡನೇ ಅಂಗಡಿಯ ನಂಬರ್ ನನ್ನ ಹತ್ತಿರ ಇದೆ. ಆ ಹುಡುಗ ಇನ್ನೂ ಅಲ್ಲೇ ಇದ್ದಾನಾ ಅಂತ ಕೇಳಿ ಹೇಳ್ತೀನಿ. ಇದ್ದರೆ ವಿಳಾಸ ಕಳಿಸ್ತೀನಿ, ಬಿಟ್ಟು ಹೋಗಿದ್ದರೆ ಕಳಿಸಲ್ಲ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ
ದಾವಣಗೆರೆ ದೋಸ್ತ