ಗೇಮ್ ಟೆಸ್ಟಿಂಗ್ ಕೆಲಸಕ್ಕೆ ಹೊರಟಿರುವ ಮಗಳಿಗೊಂದು ಪತ್ರ

ತುಮಕೂರು

ಪ್ರೀತಿಯ ಮಗಳೇ,

ಬಿಸಿಎ ತರಗತಿಗಳ ನಡುವೆ ಬಿಡುವಾದಾಗಲೆಲ್ಲ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡಿ, ಹಾಸ್ಟೆಲ್ ಖರ್ಚಿನ ಒಂದು ಪಾಲನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ನೀನು ಬರೆದದ್ದನ್ನು ನಿಮ್ಮ ಅಪ್ಪನೂ ನಾನೂ ಓದಿದೆವು. ‘ಆಟ ಆಡಿದರೆ ಯಾರು ದುಡ್ಡು ಕೊಡುತ್ತಾರೆ’ ಎಂದು ಅವರು ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡರು. ನನಗೆ ಹಾಗೆ ಮುಗಿಸಿಬಿಡಲು ಮನಸ್ಸಾಗಲಿಲ್ಲ. ನಮ್ಮ ಡಿಟಿಪಿ ಅಂಗಡಿಗೆ ಬರುವ ಗಿರಾಕಿಯೊಬ್ಬರ ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ಅವನನ್ನು ಕೂರಿಸಿಕೊಂಡು ಕೇಳಿದೆ, ನಾನೂ ಒಂದಷ್ಟು ಓದಿ ತಿಳಿದುಕೊಂಡೆ. ಕೆಲಸ ಮಾಡಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ನಿನಗೆ ಹಣ ಸಿಗುವುದು ನೀನು ಬರೆಯುವ ವರದಿಗೆ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಕೈ ಹಾಕು. ನಿಮ್ಮ ತಾತ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದವರು; ಗಂಟೆ ಎಷ್ಟಾಯಿತು ಎಂದು ನೋಡಿದ್ದಕ್ಕೆ ಅವರಿಗೆ ಯಾರೂ ಸಂಬಳ ಕೊಡಲಿಲ್ಲ.

ಮೊಬೈಲಿನಲ್ಲಿ ಆಡುವ ಒಂದು ಕಾರ್ ಓಟದ ಗೇಮ್ ನಿನ್ನ ಕೈಗೆ ಬಂದಿದೆ ಎಂದುಕೊ. ಓಟ ಗೆದ್ದೊಡನೆ ನೂರು ನಾಣ್ಯಗಳ ಬಹುಮಾನ ಪರದೆಯ ಮೇಲೆ ಕಾಣುತ್ತದೆ, ಅದೇ ಗಳಿಗೆಗೆ ಫೋನ್ ಕರೆ ಬರುತ್ತದೆ, ಮಾತು ಮುಗಿಸಿ ಮರಳಿ ನೋಡಿದರೆ ನಾಣ್ಯಗಳು ಎರಡು ಸಲ ಜಮೆಯಾಗಿವೆ. ಬರೀ ಆಡುವವಳಾಗಿದ್ದರೆ ನೀನು ಸಂತೋಷಪಟ್ಟು ಮುಂದಿನ ಓಟಕ್ಕೆ ಹೋಗುತ್ತಿದ್ದೆ. ಪರೀಕ್ಷಿಸುವವಳು ಅಲ್ಲಿಯೇ ನಿಲ್ಲಬೇಕು. ಗೇಮಿನ ಬಿಲ್ಡ್ (ಅಂದರೆ ಪರೀಕ್ಷೆಗೆ ಕೊಟ್ಟ ಆವೃತ್ತಿ) ಸಂಖ್ಯೆ ಯಾವುದು, ಫೋನು ಯಾವ ಮಾದರಿಯದು, ಆಂಡ್ರಾಯ್ಡ್ ಎಷ್ಟನೆಯ ಆವೃತ್ತಿ, ಇಂಟರ್‌ನೆಟ್ ವೈಫೈಯದೋ ಸಿಮ್ಮಿನದೋ, ಕರೆ ಬಂದದ್ದು ನಾಣ್ಯ ಎಣಿಕೆಯಾಗುವ ಮೊದಲೋ ಆಮೇಲೋ, ಕರೆಯನ್ನು ಎತ್ತದೆ ಕಡಿದರೂ ಹೀಗಾಗುತ್ತದೆಯೋ, ಕರೆಯ ಬದಲು ಅಲಾರಂ ಹೊಡೆದರೆ ಏನಾಗುತ್ತದೆ, ಹತ್ತು ಸಲ ಮಾಡಿ ನೋಡಿದರೆ ಎಷ್ಟು ಸಲ ಹೀಗಾಗುತ್ತದೆ ಎಂಬುದನ್ನೆಲ್ಲ ಒಂದೊಂದಾಗಿ ನೋಡಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಒಂದು ಸಾಲಿನ ಶೀರ್ಷಿಕೆ, ತಪ್ಪನ್ನು ಮತ್ತೆ ಹುಟ್ಟಿಸುವ ಹಂತಗಳು, ಆಗಬೇಕಾಗಿದ್ದದ್ದು, ಆದದ್ದು, ತಪ್ಪಿನ ತೀವ್ರತೆ, ಜೊತೆಗೆ ಒಂದು ವಿಡಿಯೋ ಇಷ್ಟನ್ನೂ ಸೇರಿಸಿ, ಜಿರಾದಂತಹ ತಂತ್ರಾಂಶದಲ್ಲಿ ದಾಖಲಿಸಬೇಕು. ಮುಖ ಕಂಡರಿಯದ ಪ್ರೋಗ್ರಾಮರ್ ಒಬ್ಬ ದೂರದ ಊರಿನಲ್ಲಿ ಕುಳಿತು ಅದನ್ನು ಓದುತ್ತಾನೆ. ಅವನ ಫೋನಿನಲ್ಲಿಯೂ ಆ ತಪ್ಪು ಕಾಣಿಸಿಕೊಳ್ಳುವಂತೆ ನೀನು ಬರೆದಿದ್ದರೆ ನಿನ್ನ ಕೆಲಸ ಆಯಿತು. ಇಲ್ಲದಿದ್ದರೆ ‘ಕೆನಾಟ್ ರೀಪ್ರೊಡ್ಯೂಸ್’ ಎಂಬ ಮುದ್ರೆ ಒತ್ತಿಸಿಕೊಂಡು ವರದಿ ಹಿಂದಕ್ಕೆ ಬರುತ್ತದೆ. ಬೇರೆಯವರು ನಿನಗಿಂತ ಮೊದಲೇ ಬರೆದಿದ್ದರೆ ‘ಡುಪ್ಲಿಕೇಟ್’ ಎನ್ನುತ್ತಾರೆ. ‘ಆ್ಯಸ್ ಡಿಸೈನ್ಡ್’ ಎಂದರೆ ನಾವು ಬೇಕೆಂದೇ ಹಾಗೆ ಮಾಡಿದ್ದೇವೆ ಎಂದರ್ಥವಂತೆ. ನಮ್ಮ ಅಂಗಡಿಯಲ್ಲಿಯೂ ಕಾಗುಣಿತದ ತಪ್ಪು ತೋರಿಸಿದರೆ ಕೆಲವು ಗಿರಾಕಿಗಳು ಕೊಡುವ ಉತ್ತರ ಇದೇ.

ತಪ್ಪನ್ನು ಅವರು ಸರಿಪಡಿಸಿದರೂ ನಿನ್ನ ಕೆಲಸ ಮುಗಿಯುವುದಿಲ್ಲ. ಹೊಸ ಬಿಲ್ಡ್ ಬರುತ್ತದೆ, ಮೊದಲಿನ ಹಂತಗಳನ್ನೇ ಮತ್ತೆ ಮಾಡಬೇಕು, ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಟ್ಟಿದೆಯೇ ಎಂದು ಸುತ್ತಮುತ್ತಲೂ ನೋಡಬೇಕು. ಇದಕ್ಕೆ ರಿಗ್ರೆಶನ್ ಎನ್ನುತ್ತಾರೆ, ದಿನದ ಬಹುಪಾಲನ್ನು ಇದೇ ನುಂಗುತ್ತದೆ. ಕಾರನ್ನು ಒಂದೇ ಗೋಡೆಗೆ ಬೇರೆ ಬೇರೆ ಕೋನಗಳಿಂದ ಗುದ್ದಿಸುತ್ತ ಇಡೀ ಮಧ್ಯಾಹ್ನ ಕಳೆಯಬೇಕಾಗಿ ಬರಬಹುದು. ನಿನಗೆ ಇಷ್ಟವಾದ ಗೇಮೇ ಸಿಗುತ್ತದೆ ಎಂದೂ ಇಲ್ಲ, ಸಿಕ್ಕರೂ ಒಂದು ತಿಂಗಳಲ್ಲಿ ಅದು ಸಾಕಾಗಿ ಹೋಗಬಹುದು.

ಇಷ್ಟು ಶ್ರಮಪಟ್ಟು ಹುಡುಕಿದ ತಪ್ಪನ್ನು ತಿದ್ದುವ ಅಧಿಕಾರವಾಗಲಿ, ಗೇಮ್ ಬಿಡುಗಡೆಯಾಗದಂತೆ ತಡೆಯುವ ಅಧಿಕಾರವಾಗಲಿ ಪರೀಕ್ಷಕರ ಕೈಯಲ್ಲಿರುವುದಿಲ್ಲ. ‘ಸೈಬರ್‌ಪಂಕ್ 2077’ ಎಂಬ ದೊಡ್ಡ ಗೇಮ್ 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ಸೋನಿ ಕಂಪನಿಯ ಹಳೆಯ ಪ್ಲೇಸ್ಟೇಷನ್ ಗೇಮ್ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ ಹಣ ಮರಳಿಸಲು ಮುಂದಾಯಿತು. ಆಟಗಾರರು ಅನುಭವಿಸಿದ ಹಲವು ತೊಂದರೆಗಳು ನಮ್ಮ ಪರೀಕ್ಷೆಯಲ್ಲಿ ಕಂಡಿರಲಿಲ್ಲ ಎಂದು ಗೇಮ್ ಮಾಡಿದ ಕಂಪನಿಯ ಸಂಸ್ಥಾಪಕರಲ್ಲೊಬ್ಬರು ಆಮೇಲೆ ಹೇಳಿದರು; ಒಳಗೆ ಕೆಲಸ ಮಾಡುತ್ತಿದ್ದವರಲ್ಲಿ ಕೆಲವರು ಅವು ನಮಗೆ ಗೊತ್ತೇ ಇದ್ದವು ಎಂದು ಪತ್ರಕರ್ತರಿಗೆ ತಿಳಿಸಿದರು. ನೀನು ಬರೆದದ್ದನ್ನು ಬದಿಗಿಟ್ಟು ಗೇಮನ್ನು ಬಿಡುಗಡೆ ಮಾಡಿ, ಕೊನೆಗೆ ಬೈಗುಳವನ್ನು ಪರೀಕ್ಷಕರ ತಲೆಗೆ ಕಟ್ಟುವುದು ಈ ಉದ್ಯಮದಲ್ಲಿ ಆಗದ ಸಂಗತಿಯೇನಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆದರೆ ನಿನ್ನ ವರದಿಗಳಲ್ಲಿ ದಿನಾಂಕ ಇರಲಿ.

ಈಗ ಕೆಲಸ ಎಲ್ಲಿ ಸಿಗುತ್ತದೆ ಎಂಬ ವಿಚಾರ. ಬೆಂಗಳೂರಿನಲ್ಲಿ ಈ ಉದ್ಯಮ ಹೊಸದೇನಲ್ಲ. ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ 1997ರಲ್ಲಿಯೇ ಅಲ್ಲಿ ಆರಂಭವಾಗಿತ್ತು, 2019ರಲ್ಲಿ ‘ಜಿಟಿಎ’ ಗೇಮ್‌ಗಳನ್ನು ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೋದೊಳಗೆ ಸೇರಿಸಿಕೊಂಡಿತು. ಆದರೆ ಇಂತಹ ಕಚೇರಿಗಳ ಹುದ್ದೆಗಳು ಸಾಮಾನ್ಯವಾಗಿ ಪೂರ್ಣಾವಧಿಯವು, ಪಾಳಿಯಲ್ಲಿ ನಡೆಯುವಂಥವು. ಬೆಳಿಗ್ಗೆ ಲ್ಯಾಬ್ ಇರುವ ನಿನಗೆ ಅವು ಹೊಂದುವುದಿಲ್ಲ. ವಿದ್ಯಾರ್ಥಿಗಳಿಗೆ ದಕ್ಕುವುದು ಹೆಚ್ಚಾಗಿ ಮನೆಯಿಂದಲೇ ಮಾಡುವ ಬಿಡಿ ಕೆಲಸ. ಪ್ಲೇಟೆಸ್ಟ್‌ಕ್ಲೌಡ್‌ನಂತಹ ಜಾಲತಾಣದಲ್ಲಿ, ಹೊಸ ಗೇಮೊಂದನ್ನು ಸ್ವಲ್ಪ ಹೊತ್ತು ಆಡುತ್ತ, ಅನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತ, ಪರದೆಯನ್ನೂ ಧ್ವನಿಯನ್ನೂ ರೆಕಾರ್ಡ್ ಮಾಡಿ ಕಳುಹಿಸಿದರೆ ಆ ಒಂದು ಸರದಿಗೆ ಇಷ್ಟು ಎಂದು ಕೊಡುತ್ತಾರೆ. ಯುಟೆಸ್ಟ್‌ನಂತಹ ಕಡೆ, ಅವರು ಒಪ್ಪಿಕೊಂಡ ತಪ್ಪಿಗೆ ಹಣ. ನಿನ್ನ ವಯಸ್ಸು, ಫೋನು, ಆಡುವ ಗೇಮ್‌ಗಳು ಅವರಿಗೆ ಬೇಕಾದಂತೆ ಹೊಂದಿದರೆ ಮಾತ್ರ ಕರೆ ಬರುತ್ತದೆ. ಒಂದು ವಾರ ಮೂರು ಬಂದು ಮುಂದಿನ ತಿಂಗಳೆಲ್ಲ ಒಂದೂ ಬಾರದಿರಬಹುದು. ಆದ್ದರಿಂದ ಹಾಸ್ಟೆಲ್ ಶುಲ್ಕವನ್ನು ಈ ಹಣಕ್ಕೆ ಗಂಟು ಹಾಕಬೇಡ, ಅದನ್ನು ನಾವು ಮೊದಲಿನಂತೆಯೇ ಕಟ್ಟುತ್ತೇವೆ. ಇಲ್ಲಿ ಬಂದದ್ದು ನಿನ್ನ ಪುಸ್ತಕಕ್ಕೆ, ಓಡಾಟಕ್ಕೆ ಇರಲಿ.

ಕಲಿಯುವುದಕ್ಕೆ ಇನ್ನೊಂದು ದಾರಿ ಇದೆ, ಅದರಲ್ಲಿ ದುಡ್ಡು ಹುಟ್ಟುವುದು ಕಡಿಮೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳಿಂದ ಗೂಗಲ್ ಪ್ಲೇಗೆ ಏನನ್ನಾದರೂ ಬಿಡುಗಡೆ ಮಾಡಬೇಕಾದರೆ ಮೊದಲು 20 ಜನ ಪರೀಕ್ಷಕರು ಸತತ 14 ದಿನ ಅದರ ಪರೀಕ್ಷೆಗೆ ಸೇರಿಕೊಂಡಿರಬೇಕೆಂದು ಗೂಗಲ್ ನಿಯಮ ಮಾಡಿತು. 2024ರ ಡಿಸೆಂಬರ್‌ನಲ್ಲಿ ಆ ಸಂಖ್ಯೆಯನ್ನು 12ಕ್ಕೆ ಇಳಿಸಿತು. ನಿನ್ನ ಕಾಲೇಜಿನಲ್ಲಿಯೇ ಸಣ್ಣಪುಟ್ಟ ಗೇಮ್ ಮಾಡಿ ಹನ್ನೆರಡು ಜನರಿಗಾಗಿ ತಡಕಾಡುತ್ತಿರುವವರು ಇರಬಹುದು. ಅಂಥವರಿಗೆ ನಾಲ್ಕು ಒಳ್ಳೆಯ ವರದಿ ಬರೆದುಕೊಡು. ಮುಂದೆ ಕೆಲಸ ಕೇಳುವಾಗ ತೋರಿಸಲು ಅವೇ ಸಾಕ್ಷಿಯಾಗುತ್ತವೆ, ಅಲ್ಲಿ ಗುಟ್ಟು ಕಾಪಾಡುವ ಒಪ್ಪಂದದ ತೊಡಕೂ ಇರುವುದಿಲ್ಲ.

ನೀನು ಯೋಚಿಸಿರದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇದು ನನ್ನ ದಿನನಿತ್ಯದ ಕಸುಬು. ಗೇಮ್‌ಗಳು ಭಾರತೀಯ ಭಾಷೆಗಳಿಗೂ ಬರುತ್ತಿವೆ, ಭಾಷೆಯನ್ನು ಪರೀಕ್ಷಿಸುವ ಕೆಲಸವೇ ಪ್ರತ್ಯೇಕವಾಗಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತಕ್ಕೆ ತರುವಾಗ ನಾನು ಪಡುವ ಪಾಡನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಗೇಮ್‌ಗಳಲ್ಲಿ ತೊಂದರೆಯ ರೂಪ ಬೇರೆ. ಯೂನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಸಾಲಾಗಿ ಕೂತಿರುತ್ತವೆ. ಅವನ್ನು ಕಾಗುಣಿತವಾಗಿ, ಒತ್ತಕ್ಷರವಾಗಿ ಜೋಡಿಸಿ ತೋರಿಸುವುದಕ್ಕೆ ಇನ್ನೊಂದು ಹಂತ ಬೇಕು. ಇಂಗ್ಲಿಷ್ ಲಿಪಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಗೇಮ್ ಎಂಜಿನ್ನುಗಳು, ಅಂದರೆ ಗೇಮ್ ತಯಾರಿಸುವ ತಂತ್ರಾಂಶಗಳು, ಆ ಹಂತವನ್ನು ಬಿಟ್ಟುಬಿಡುವುದುಂಟು. ಆಗ ‘ಸ್ಪರ್ಧೆ’ ಎಂದು ಬರೆದರೆ ಸಕಾರಕ್ಕೆ ಪಕಾರದ ಒತ್ತು ಸೇರುವುದಿಲ್ಲ, ಅರ್ಕಾವೊತ್ತು ತನ್ನ ಜಾಗಕ್ಕೆ ಬರುವುದಿಲ್ಲ, ಎತ್ವ ಅಕ್ಷರದಿಂದ ಕಳಚಿಕೊಂಡು ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಜೋಡಣೆ ಸರಿಯಾಗಿದ್ದರೂ ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಬಹುದು, ‘ಪ್ಲೇ’ ಎಂದಿದ್ದ ಗುಂಡಿಯಲ್ಲಿ ‘ಆಟ ಪ್ರಾರಂಭಿಸಿ’ ಹಿಡಿಸದೆ ಹೊರಕ್ಕೆ ಚಾಚಬಹುದು. ಕನ್ನಡ ಬಾರದ ಪರೀಕ್ಷಕ ಇದನ್ನೆಲ್ಲ ನೋಡಿಯೂ ಲಿಪಿಯೇ ಹೀಗಿರಬೇಕು ಎಂದುಕೊಂಡು ಮುಂದೆ ಹೋಗುತ್ತಾನೆ.

ವ್ಯಾಕರಣದ ತೊಡಕು ಇದಕ್ಕಿಂತ ಸೂಕ್ಷ್ಮ. ಆಟಗಾರರ ಹೆಸರನ್ನು ಖಾಲಿ ಜಾಗದಲ್ಲಿ ತುಂಬಿ ವಾಕ್ಯ ಮಾಡುವುದು ಗೇಮ್‌ಗಳ ಪದ್ಧತಿ. ಇಂಗ್ಲಿಷಿನಲ್ಲಿ ಅದು ಸಲೀಸು. ಕನ್ನಡದಲ್ಲಿ ಖಾಲಿ ಜಾಗದ ಮುಂದೆ ‘ಗೆದ್ದನು’ ಎಂದು ಕೂರಿಸಿದರೆ ಹೆಣ್ಣುಮಕ್ಕಳು ಗೆದ್ದಾಗಲೂ ಅದೇ ಬರುತ್ತದೆ. ‘ಗೆ’ ಪ್ರತ್ಯಯವನ್ನು ಅಂಟಿಸಿಟ್ಟರೆ ಗೀತಾಗೆ ಸರಿಹೋದದ್ದು ಸುರೇಶನ ವಿಷಯದಲ್ಲಿ ‘ಸುರೇಶಗೆ’ ಆಗಿ ಕಿವಿಗೆ ಕುಟುಕುತ್ತದೆ. ಇದು ತಪ್ಪು ಎಂದಷ್ಟೇ ಬರೆದರೆ ಸಾಲದು. ಹೆಸರನ್ನು ಬೇರೆ ಸಾಲಿಗೆ ಹಾಕಿ ‘ಗೆಲುವು’ ಎಂದು ನಾಮಪದದಲ್ಲಿ ಮುಗಿಸಿ, ಅಥವಾ ‘ಗೆದ್ದಿದ್ದಾರೆ’ ಎಂದು ಗೌರವದ ರೂಪ ಬಳಸಿ ಎಂಬ ಪರಿಹಾರವನ್ನೂ ನೀನು ಸೂಚಿಸಬಹುದು. ಇಂತಹ ಕೆಲಸ ದಿನಾ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ನೋಂದಣಿ ಮಾಡುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೊದಲು ಹಾಕು. ಓಟದ ಗೇಮ್ ಆಡಬಲ್ಲವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ, ಅರ್ಕಾವೊತ್ತು ಜಾರಿದ್ದನ್ನು ಕಣ್ಣಿಟ್ಟು ಹಿಡಿಯಬಲ್ಲವರು ಅಷ್ಟು ಇಲ್ಲ.

ಮೋಸದ ವಿಷಯದಲ್ಲಿ ನನ್ನದು ಖಂಡಿತವಾದ ಮಾತು. ಕೆಲಸ ಕೊಡುವುದಕ್ಕೆ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಮರಳಿಸುವ ಠೇವಣಿ ಎಂದು ಒಂದು ರೂಪಾಯಿ ಕೇಳಿದರೂ ಅದು ಕೆಲಸವಲ್ಲ. ಟೆಲಿಗ್ರಾಂನಲ್ಲಿ ಗುಂಪಿಗೆ ಸೇರಿಸಿ, ಮೊದಲ ಎರಡು ಗೇಮ್‌ಗಳಿಗೆ ಚಿಲ್ಲರೆ ಹಣ ಹಾಕಿ ನಂಬಿಕೆ ಹುಟ್ಟಿಸಿ, ಮೂರನೆಯದಕ್ಕೆ ನೀವು ಹಣ ಹಾಕಿದರೆ ದುಪ್ಪಟ್ಟು ಎನ್ನುವ ಆಟ ಈಗ ಎಲ್ಲ ಊರುಗಳಲ್ಲಿಯೂ ನಡೆದಿದೆ. ಹಣ ಕಟ್ಟಿ ಹಣ ಗೆಲ್ಲುವ ಗೇಮ್‌ಗಳನ್ನು ಪರೀಕ್ಷಿಸಿ ಎಂದು ಯಾರಾದರೂ ಕರೆದರೆ ಅಂಥವರ ಹತ್ತಿರವೂ ಸುಳಿಯಬೇಡ. ಅಂತಹ ಗೇಮ್‌ಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅಕಸ್ಮಾತ್ ಹಣ ಹೋಯಿತೆಂದರೆ ನಮ್ಮ ಬೈಗುಳಕ್ಕೆ ಹೆದರಿ ಮುಚ್ಚಿಡದೆ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುತ್ತದೆ.

ಪರೀಕ್ಷೆಗೆ ಕೊಡುವ ಗೇಮ್‌ಗಳನ್ನು ಕೆಲವೊಮ್ಮೆ ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಳ್ಳಬೇಕಾಗುತ್ತದೆ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಅದನ್ನು ಮಾಡಲೇಬೇಡ. ಎಸ್‌ಎಂಎಸ್ ಓದುವ ಅನುಮತಿಯನ್ನೋ, ಪರದೆಯಲ್ಲಿರುವುದನ್ನು ಓದಿ ನಿನ್ನ ಪರವಾಗಿ ಒತ್ತಲು ಬಿಡುವ ಆಕ್ಸೆಸಿಬಿಲಿಟಿ ಅನುಮತಿಯನ್ನೋ ಓಟದ ಗೇಮ್ ಕೇಳಿದರೆ ಕೊಡದೆ ಹೊರಗೆ ಬಾ. ಪರದೆ ರೆಕಾರ್ಡ್ ಆಗುತ್ತಿರುವಾಗ ಬಂದ ಒಟಿಪಿಯೂ, ನಿನ್ನ ಗೆಳತಿಯರ ಸಂದೇಶಗಳೂ ವಿಡಿಯೋದಲ್ಲಿ ಸೇರಿಹೋಗುತ್ತವೆ ಎಂಬುದನ್ನು ನೆನಪಿಟ್ಟುಕೊ. ಇದಕ್ಕಾಗಿಯೇ ನಿಮ್ಮ ಅಪ್ಪನ ಹಳೆಯ ಫೋನನ್ನು ಕಳುಹಿಸುತ್ತಿದ್ದೇನೆ. ಅದರಲ್ಲಿ 3 ಜಿಬಿ ರ‍್ಯಾಮ್ ಮಾತ್ರ ಇದೆ ಎಂದು ಮೂಗು ಮುರಿಯಬೇಡ; ಕಡಿಮೆ ಬೆಲೆಯ ಫೋನುಗಳಲ್ಲಿ ಗೇಮ್ ಎಲ್ಲಿ ತಡವರಿಸುತ್ತದೆ, ಎಲ್ಲಿ ನಿಂತೇಹೋಗುತ್ತದೆ ಎಂದು ತಿಳಿಯುವುದಕ್ಕೆ ಅಂತಹದೇ ಬೇಕಾಗುತ್ತದೆ.

ಒಪ್ಪಂದಗಳಲ್ಲಿ ಎನ್‌ಡಿಎ, ಅಂದರೆ ಗುಟ್ಟು ಬಿಟ್ಟುಕೊಡಬಾರದೆಂಬ ಷರತ್ತು, ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಿಡುಗಡೆಯಾಗದ ಗೇಮಿನ ಒಂದು ಚಿತ್ರವನ್ನೂ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಂತಿಲ್ಲ, ಗೇಮಿನ ಹೆಸರನ್ನು ನನಗೂ ಹೇಳುವಂತಿಲ್ಲ. ನಿನಗೆ ಹದಿನೆಂಟು ತುಂಬಿರುವುದರಿಂದ ಆ ಸಹಿಯ ಹೊಣೆ ಪೂರ್ತಿ ನಿನ್ನದೇ.

ಇದನ್ನೇ ಜೀವನೋಪಾಯ ಮಾಡಿಕೊಳ್ಳುವ ಯೋಚನೆ ಇದ್ದರೆ ಆತುರ ಬೇಡ. ಅಮೆರಿಕದ ರೇವನ್ ಸಾಫ್ಟ್‌ವೇರ್ ಎಂಬ ಸ್ಟುಡಿಯೋದಲ್ಲಿ 2021ರ ಡಿಸೆಂಬರ್‌ನಲ್ಲಿ ಒಂದಷ್ಟು ಪರೀಕ್ಷಕರ ಗುತ್ತಿಗೆ ಮುಂದುವರಿಯುವುದಿಲ್ಲ ಎಂದಾಗ ಜೊತೆಯವರು ಕೆಲಸ ನಿಲ್ಲಿಸಿ ಹೊರಬಂದರು, ಮುಂದಿನ ಮೇ ತಿಂಗಳಲ್ಲಿ 19–3 ಮತಗಳಿಂದ ಸಂಘ ಕಟ್ಟಿಕೊಂಡರು. ಉದ್ಯಮದಲ್ಲಿ ಮೊದಲು ಕೈಬಿಡುವುದು ಯಾರನ್ನು ಎಂಬುದು ಇದರಿಂದ ನಿನಗೆ ತಿಳಿಯುತ್ತದೆ. ಆದರೆ ಇದೇ ಕಣ್ಣಿಗೆ ನಿನ್ನ ಪ್ರೋಗ್ರಾಮಿಂಗ್ ವಿದ್ಯೆ ಸೇರಿದರೆ ಕಥೆಯೇ ಬೇರೆ. ರಾಕ್‌ಸ್ಟಾರ್‌ನ ‘ಜಿಟಿಎ ಆನ್‌ಲೈನ್’ ಎಂಬ ಗೇಮ್ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಾಗಿತ್ತು. 2021ರಲ್ಲಿ ಹೊರಗಿನ ಆಟಗಾರನೊಬ್ಬ ಕಾರಣ ಹುಡುಕಿ ನೋಡಿದಾಗ, ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಪ್ರೋಗ್ರಾಮ್ ಬಹಳ ದಡ್ಡ ರೀತಿಯಲ್ಲಿ ಓದುತ್ತಿರುವುದು ಕಂಡಿತು. ಅವನು ಮಾಡಿದ ತಿದ್ದುಪಡಿಯಿಂದ ಕಾಯುವ ಸಮಯ ಸುಮಾರು 70 ಶೇಕಡಾ ಇಳಿಯಿತು, ಕಂಪನಿ ಅವನಿಗೆ 10,000 ಡಾಲರ್ ಕೊಟ್ಟಿತು. ಮಾಹಿತಿಯನ್ನು ಜೋಡಿಸಿಡುವ ಬಗೆ ಕಲಿಸುವ ಡೇಟಾ ಸ್ಟ್ರಕ್ಚರ್ ತರಗತಿಗೆ ಚಕ್ಕರ್ ಹಾಕಿ ಗೇಮ್ ಪರೀಕ್ಷಿಸುತ್ತೇನೆ ಎಂದರೆ ನಾನು ಒಪ್ಪದಿರುವುದು ಇದಕ್ಕೇ.

ಹಾಗಾಗಿ ಸೆಮಿಸ್ಟರ್ ಪರೀಕ್ಷೆಗೆ ತಿಂಗಳಿರುವಾಗ ಯಾವ ಹೊಸ ಕೆಲಸವನ್ನೂ ಒಪ್ಪಿಕೊಳ್ಳಬೇಡ, ರಾತ್ರಿ ಹನ್ನೊಂದರ ನಂತರ ಪರದೆಯ ಮುಂದೆ ಕೂರಬೇಡ. ಮೊದಲ ಒಪ್ಪಂದ ಬಂದಾಗ ಸಹಿ ಹಾಕುವ ಮುನ್ನ ಅದನ್ನು ನನಗೆ ಕಳುಹಿಸು. ಹಣ ಯಾವಾಗ, ಯಾವ ದಾರಿಯಿಂದ ಬರುತ್ತದೆ, ವರದಿಯನ್ನು ತಿರಸ್ಕರಿಸಿದರೆ ಏನು ಎಂಬ ಸಾಲುಗಳನ್ನು ಇಬ್ಬರೂ ಕೂಡಿ ಓದೋಣ. ಪ್ಯಾನ್ ಕಾರ್ಡಿನಲ್ಲಿ ನಿನ್ನ ಇನಿಷಿಯಲ್ ಬ್ಯಾಂಕಿನ ಪುಸ್ತಕದಲ್ಲಿರುವಂತೆಯೇ ಇದೆಯೇ ನೋಡಿಕೊ, ಇಲ್ಲದಿದ್ದರೆ ತಿದ್ದುಪಡಿಗೆ ಅರ್ಜಿಯನ್ನು ನಾನೇ ಹಾಕುತ್ತೇನೆ. ಫೋನು ಭಾನುವಾರ ನಿಮ್ಮ ಮಾವನ ಕೈಯಲ್ಲಿ ಬರುತ್ತದೆ. ಅದರ ಚಾರ್ಜರ್ ಸಡಿಲವಾಗಿದೆ, ಅಲ್ಲಿಯೇ ಒಂದು ಕೊಂಡುಕೊ.

ನಿನ್ನ
ಅಮ್ಮ