ಭಾನುವಾರದ ಕಂಪ್ಯೂಟರ್ ಪಾಠ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮುಂಬಯಿಯ ಮಾಟುಂಗಾದಲ್ಲಿ, ಎಂದಿನ ಕೊಠಡಿಯಲ್ಲೇ, ಮಾಹಿತಿ ವ್ಯವಸ್ಥೆಯ ಮೊದಲ ಪಾಠವಿದೆ. ಹೊಸಬರು ತಪ್ಪದೆ ಬನ್ನಿ, ಹಳಬರಿಗೆ ಕಡ್ಡಾಯವಿಲ್ಲ.

ನಮ್ಮ ಸದಸ್ಯರ ಪಟ್ಟಿಯೇ ಉದಾಹರಣೆ. ಹೆಸರು, ವಿಳಾಸ, ಚಂದಾ ಮೊತ್ತ ಇವು ಬರಿಯ ದತ್ತಾಂಶ. ಯಾರ ಚಂದಾ ಬಾಕಿ ಎಂದು ವಿಂಗಡಿಸಿದಾಗ ಅದು ಮಾಹಿತಿ. ಪಟ್ಟಿಯಲ್ಲಿ ಮೂವರು 'ಎಸ್. ಶೆಟ್ಟಿ' ಇರುವುದರಿಂದ, ಪ್ರತಿ ಸಾಲಿಗೂ ಪ್ರತ್ಯೇಕ ಸಂಖ್ಯೆ, ಅಂದರೆ ಪ್ರೈಮರಿ ಕೀ, ಏಕೆ ಬೇಕೆಂದು ಖಜಾಂಚಿಯವರನ್ನು ಕೇಳಿದರೆ ಸಾಕು! ಸಮಯವಿದ್ದರೆ ರ‍್ಯಾಮ್, ಹಾರ್ಡ್ ಡಿಸ್ಕ್‌ಗಳ (ಕಂಪ್ಯೂಟರಿನ ತಾತ್ಕಾಲಿಕ ಮತ್ತು ಕಾಯಂ ಸಂಗ್ರಹಗಳ) ವ್ಯತ್ಯಾಸವನ್ನೂ ನೋಡೋಣ.

ಲ್ಯಾಪ್‌ಟಾಪ್ ಇದ್ದವರು ಚಾರ್ಜ್ ಮಾಡಿಕೊಂಡು ತನ್ನಿ. ಕೊಠಡಿಯಲ್ಲಿ ಪ್ಲಗ್‌ಗಳು ಕಡಿಮೆ. ಡೊಂಬಿವಲಿ, ಠಾಣೆ ಕಡೆಯವರು ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳ ವ್ಯತ್ಯಯ) ಇದೆಯೇ ಎಂದು ನೋಡಿಕೊಂಡು ಹೊರಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಬರೆದು ಇಲ್ಲೇ ತಿಳಿಸಿ. ಹೆಬ್ಬೆರಳಿನ ಚಿತ್ರ ಲೆಕ್ಕಕ್ಕಿಲ್ಲ.